ಎಂಜಿನ್ ಬದಲಾಯಿತು, ಕಾರಣ ಬದಲಾಗಲಿಲ್ಲ

(ಬಳ್ಳಾರಿಯಲ್ಲಿ ಗ್ಯಾರೇಜ್ ನಡೆಸುವ ಗೆಳೆಯರು ಮತ್ತು ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಈ ಎರಡು ತುಂಡುಗಳನ್ನು ಕೈಯಿಂದ ಕೈಗೆ ದಾಟಿಸಿ. ಒಡೆದ ಬಳೆಯ ಅರ್ಧದಂತೆ ಕಾಣುವ ಇವು ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನಲ್ಲಿ ತಿರುಗುವ ಮುಖ್ಯ ಶಾಫ್ಟಿಗೆ, ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಶೆಲ್‌ಗಳು, ನಮ್ಮ ಬಾಯಲ್ಲಿ ಬಿಗ್ ಎಂಡ್ ಬೇರಿಂಗ್. ಒಂದು ಹೊಸದು, ಒಳಮೈ ಒಂದೇ ಸಮನೆ ಬೂದು. ಇನ್ನೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಬೂದು ಬಣ್ಣ ಸವೆದು ತಾಮ್ರ ಎದ್ದಿದೆ, ಅಂಚಿನಲ್ಲಿ ಉಗುರಿಗೆ ಸಿಗುವಂಥ ಗೀರುಗಳಿವೆ. ಇದು ಟಿಪ್ಪರ್‌ನದ್ದಲ್ಲ, ಟ್ರ್ಯಾಕ್ಟರ್‌ನದ್ದೂ ಅಲ್ಲ. ಎಂಟು ಸಿಲಿಂಡರಿನ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನದ್ದು. ನಮ್ಮೂರಿನ ಜೀನ್ಸ್ ಹೊಲಿಗೆ ಘಟಕದ ಮಾಲೀಕರೊಬ್ಬರು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಕಾರು. ಅವರ ಹೆಸರು, ಕಾರಿನ ಹೆಸರು, ರಿಪೇರಿ ಮಾಡಿದ ವರ್ಕ್‌ಶಾಪಿನ ಹೆಸರು ಇಲ್ಲಿ ಬೇಡ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಮೊದಲ ಸಲ ಎಂಜಿನ್ ಹೋದದ್ದು ತೋರಣಗಲ್ಲಿನ ಹತ್ತಿರ, ಹೊಸಪೇಟೆ ರಸ್ತೆಯಲ್ಲಿ, ಸಂಜೆ ಹೊತ್ತು. ಆಯಿಲ್ ದೀಪ ಹತ್ತಿತು, ಟಕ್ ಟಕ್ ಸದ್ದು ಬಂತು, ನಿಲ್ಲಿಸುವಷ್ಟರಲ್ಲಿ ಜಾಮ್ ಆಯಿತು. ಗಾಡಿಯನ್ನು ಲಾರಿಯ ಮೇಲೆ ಹೇರಿ ಬೆಂಗಳೂರಿಗೆ ಸಾಗಿಸಿದರು. ನಾಲ್ಕು ತಿಂಗಳ ಮೇಲೆ ಎಂಜಿನ್ ಕಟ್ಟಿಸಿಕೊಂಡು ಬಂದರು. ನಾಲ್ಕು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ, ಮತ್ತೆ ಅದೇ ಸದ್ದು. ಎರಡನೆಯ ಸಲ ವರ್ಕ್‌ಶಾಪಿನವರು ಹೇಳಿದ್ದು ಒಂದೇ ಮಾತು: ನೀವು ಓಡಿಸುವ ರೀತಿ ಸರಿಯಿಲ್ಲ. ಆಮೇಲೆ ಆ ಮಾಲೀಕರು ನನ್ನ ಹತ್ತಿರ ಬಂದರು. ನಮ್ಮದು ಅಪ್ಪನ ಕಾಲದಿಂದ ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್ ಮಾಡುವ ಲೇತ್ ಅಂಗಡಿ. ಸ್ಟೂಲಿನ ಮೇಲೆ ಕೂತು ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಅಣ್ಣಾ, ದುಡ್ಡು ಹೋತು, ಹೋಗ್ಲಿ ಬಿಡು. ಚಾವಿ ತಿರುವಾಕೆ ಕೈ ಬರವಲ್ದು."

ನನ್ನ ಇವತ್ತಿನ ಮಾತೆಲ್ಲ ಆ ಬಾರದ ಕೈಯ ಬಗ್ಗೆ.

ಸ್ಪೋರ್ಟ್ಸ್ ಕಾರಿನ ಎಂಜಿನ್ ಒಂದು ಬೇರೆ ಲೋಕ ಎಂದು ನಮ್ಮಲ್ಲಿ ಹಲವರು ದೂರ ನಿಲ್ಲುತ್ತೀರಿ. ಒಳಗಿರುವುದು ನಮಗೆ ಗೊತ್ತಿರುವ ಅದೇ ಪಿಸ್ಟನ್, ಅದೇ ರಾಡ್, ಅದೇ ಕ್ರ್ಯಾಂಕ್. ಬೇರೆಯಾಗಿರುವುದು ವೇಗ. ಒಂದು ಲೆಕ್ಕ ಮಾಡೋಣ. ಲಾರಿ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲ ಮೇಲಿನಿಂದ ಕೆಳಕ್ಕೆ ಓಡುವ ದೂರ, 120 ಮಿ.ಮೀ., ಸುತ್ತು ನಿಮಿಷಕ್ಕೆ 2400 ಎಂದಿಟ್ಟುಕೊಳ್ಳಿ. ಪಿಸ್ಟನ್ ಸರಾಸರಿ ಸೆಕೆಂಡಿಗೆ 9.6 ಮೀಟರ್ ಓಡುತ್ತದೆ. 2013ರಲ್ಲಿ ಬಂದ ಪೋರ್ಷೆ 911 ಜಿಟಿ3 ಕಾರಿನ ಸ್ಟ್ರೋಕ್ 77.5 ಮಿ.ಮೀ., ಸುತ್ತು 9000. ಅಲ್ಲಿ ಪಿಸ್ಟನ್ ಸೆಕೆಂಡಿಗೆ 23 ಮೀಟರ್ ದಾಟುತ್ತದೆ. ಸೆಕೆಂಡಿಗೆ 150 ಸುತ್ತು. ಅಂದರೆ ಪ್ರತಿ ಸೆಕೆಂಡಿಗೆ 300 ಸಲ ಪಿಸ್ಟನ್ ನಿಂತು, ತಿರುಗಿ, ಮತ್ತೆ ಓಡಬೇಕು. ಸುತ್ತು ಎರಡು ಪಟ್ಟಾದರೆ ರಾಡಿನ ಮೇಲೆ ಬೀಳುವ ಎಳೆತ ನಾಲ್ಕು ಪಟ್ಟಾಗುತ್ತದೆ. ಆ ಎಳೆತವನ್ನೆಲ್ಲ ಹೊರುವುದು ನಿಮ್ಮ ಕೈಯಲ್ಲಿರುವ ಆ ಅರ್ಧ ಬಳೆ. ಅದನ್ನು ಕ್ರ್ಯಾಂಕಿಗೆ ತಾಗದಂತೆ ಕಾಯುವುದು ಆಯಿಲ್ಲಿನ ಒಂದು ಪದರ. ಭಾರ ಹೆಚ್ಚಿದಾಗ ಆ ಪದರ ತಲೆಗೂದಲಿನ ದಪ್ಪಕ್ಕಿಂತ ಹತ್ತಾರು ಪಟ್ಟು ತೆಳುವಾಗುತ್ತದೆ. ಅಲ್ಲಿ ಒಂದು ಕಣ ಸಿಕ್ಕಿಕೊಂಡರೆ, ಆಯಿಲ್ ಅತಿಯಾಗಿ ಕಾದು ನೀರಾದರೆ, ಅಥವಾ ತಣ್ಣಗಿದ್ದು ಹೊತ್ತಿಗೆ ಸರಿಯಾಗಿ ಒಳಗೆ ಬರದಿದ್ದರೆ ಲೋಹಕ್ಕೆ ಲೋಹ ತಾಗುತ್ತದೆ.

ಲಾರಿ ಎಂಜಿನ್ ತಪ್ಪನ್ನು ಬಹಳ ದಿನ ತಡೆದುಕೊಳ್ಳುತ್ತದೆ. ಇದಕ್ಕೆ ಅಷ್ಟು ಪುರುಸೊತ್ತಿಲ್ಲ.

ಈಗ ಜಗತ್ತಿನಲ್ಲಿ ಹೆಸರಾದ ಕೆಲವು ತೊಂದರೆಗಳ ಕಡೆ ಬರುತ್ತೇನೆ. ಎಲ್ಲವನ್ನೂ ಹೇಳುವುದಿಲ್ಲ, ಮಾಲೀಕರ ನಂಬಿಕೆಯ ವಿಷಯದಲ್ಲಿ ಪಾಠವಾಗಿರುವುದನ್ನಷ್ಟೇ ಆರಿಸಿಕೊಂಡಿದ್ದೇನೆ.

1996ರಲ್ಲಿ ಪೋರ್ಷೆ ಬಾಕ್ಸ್‌ಸ್ಟರ್ ಜತೆ ಎಂ96 ಎಂಬ ಎಂಜಿನ್ ಬಂತು. ಗಾಳಿಯಿಂದ ತಣಿಯುತ್ತಿದ್ದ ಹಳೆಯ ಎಂಜಿನ್ನಿನ ಜಾಗದಲ್ಲಿ ನೀರಿನಿಂದ ತಣಿಯುವ ಹೊಸ ಎಂಜಿನ್. ಸ್ವಲ್ಪ ದಿನಕ್ಕೆ 911 ಕಾರಿಗೂ ಅದೇ ಬಂತು. ಅದರೊಳಗೆ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮ್ ಕಡೆಗೆ ಚಲನೆ ದಾಟಿಸಲು ನಡುವೆ ಒಂದು ಶಾಫ್ಟ್ ಇದೆ, ಇಂಟರ್‌ಮೀಡಿಯೆಟ್ ಶಾಫ್ಟ್. ಅದರ ಒಂದು ತುದಿಯನ್ನು ಹಿಡಿಯುವುದು ಸೀಲ್ ಮಾಡಿದ ಒಂದು ಬಾಲ್ ಬೇರಿಂಗ್. ಸೀಲ್ ಇದೆ, ಒಳಗೆ ಗ್ರೀಸ್ ಇದೆ. ಕಾಲ ಕಳೆದಂತೆ ಸೀಲ್ ಗಟ್ಟಿಯಾಗುತ್ತದೆ, ಎಂಜಿನ್ ಆಯಿಲ್ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಒಳಗೆ ಹೋದ ಆಯಿಲ್ ಹೊರಗೆ ಬರುವುದಿಲ್ಲ, ಅಲ್ಲೇ ಹಳಸುತ್ತದೆ. ಬಾಲ್‌ಗಳು ಸವೆದು ಬೇರಿಂಗ್ ಪುಡಿಯಾದರೆ ಶಾಫ್ಟ್ ವಾಲುತ್ತದೆ, ವಾಲ್ವ್ ಮತ್ತು ಪಿಸ್ಟನ್ನಿನ ಹೊಂದಾಣಿಕೆ, ಅಂದರೆ ಟೈಮಿಂಗ್, ತಪ್ಪುತ್ತದೆ, ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಅಂಗೈಯಲ್ಲಿ ಹಿಡಿಸುವ ಒಂದು ಬೇರಿಂಗಿಗೆ ಇಡೀ ಎಂಜಿನ್ ಬಲಿ.

ಮೊದಲು ಎರಡು ಸಾಲಿನ ಬೇರಿಂಗ್ ಇತ್ತು, ಆಮೇಲೆ ಒಂದೇ ಸಾಲಿನದ್ದು ಬಂತು. ಒಂದು ಸಾಲಿನದ್ದೇ ಹೆಚ್ಚು ಕೆಟ್ಟದ್ದು. ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು, 2013ರಲ್ಲಿ ರಾಜಿ ಒಪ್ಪಂದವಾಯಿತು. ಒಂದು ಸಾಲಿನ ಬೇರಿಂಗ್ ಇದ್ದ ಕಾರುಗಳಲ್ಲಿ ಕೆಟ್ಟದ್ದು ನೂರಕ್ಕೆ ಹತ್ತರ ಒಳಗೇ ಎಂಬುದು ಆ ಹೊತ್ತಿಗೆ ಹರಡಿದ ಲೆಕ್ಕ. ಇಲ್ಲಿ ಒಂದು ಕ್ಷಣ ನಿಲ್ಲಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರುಗಳ ಬೇರಿಂಗ್ ಗಟ್ಟಿಯಾಗಿಯೇ ಇತ್ತು. ಆದರೆ ನಿದ್ದೆ ಕೆಟ್ಟದ್ದು ನೂರೂ ಮಂದಿಗೆ. ಯಾಕೆಂದರೆ ತನ್ನ ಕಾರು ಯಾವ ಲೆಕ್ಕಕ್ಕೆ ಸೇರಿದ್ದು ಎಂದು ಹೊರಗಿನಿಂದ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಬೇರಿಂಗ್ ನೋಡಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಹಾಗಾಗಿ ಕ್ಲಚ್ ಹಾಕಿಸುವಾಗಲೇ ಬೇರಿಂಗನ್ನೂ ಬದಲಿಸಿಬಿಡುವ ರೂಢಿ ಬಂತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇವತ್ತಿಗೂ ಆ ಕಾರಿನ ಬಗ್ಗೆ ಮೊದಲ ಪ್ರಶ್ನೆ ಅದೇ: ಬೇರಿಂಗ್ ಆಗಿದೆಯಾ?

ಅದೇ ಕಾಲದ 911 ಟರ್ಬೊ ಮತ್ತು ಜಿಟಿ3 ಕಾರುಗಳಲ್ಲಿ ಪೋರ್ಷೆಯ ಎಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ಅವರ ಹೆಸರಿನಿಂದ ಕರೆಯುವ ಬೇರೆ ಎಂಜಿನ್ ಇತ್ತು, ರೇಸಿನ ವಂಶದ್ದು. ಅದಕ್ಕೆ ಈ ಕಾಟ ಇರಲಿಲ್ಲ. 2009ರ ಮಾಡೆಲ್‌ನಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ನಡುವಿನ ಶಾಫ್ಟನ್ನೇ ತೆಗೆದುಹಾಕಿದರು. ನನ್ನ ಮಟ್ಟಿಗೆ ಅದೇ ನಿಜವಾದ ರಿಪೇರಿ. ಇನ್ನಷ್ಟು ಒಳ್ಳೆಯ ಬೇರಿಂಗ್ ಹಾಕುವುದು ಒಂದು, ಬೇರಿಂಗೇ ಬೇಡದಂತೆ ಮಾಡುವುದು ಇನ್ನೊಂದು.

ಈಗ ಅದೇ ಕಂಪನಿಯ ಇನ್ನೊಂದು ಕತೆ. 2014ರ ಆರಂಭದಲ್ಲಿ ಹೊಸ ಜಿಟಿ3 ಕಾರುಗಳಲ್ಲಿ ಎರಡು ಯುರೋಪಿನಲ್ಲಿ ಬೆಂಕಿಗೆ ಸಿಕ್ಕವು. ಕಂಪನಿ ಮಾಲೀಕರಿಗೆ ಗಾಡಿ ಓಡಿಸಲೇಬೇಡಿ ಎಂದು ಹೇಳಿತು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲಗೊಂಡು ರಾಡ್ ಕ್ರ್ಯಾಂಕ್‌ಕೇಸನ್ನು ಒಡೆದುಕೊಂಡು ಬಂದಿತ್ತು, ಚೆಲ್ಲಿದ ಆಯಿಲ್ ಹೊತ್ತಿಕೊಂಡಿತ್ತು. ಕಾರಣ ಇದು ಎಂದು ಹೆಸರಿಟ್ಟು ಹೇಳಿದರು. 785 ಕಾರುಗಳು, ಅಷ್ಟಕ್ಕೂ ಹೊಸ ಎಂಜಿನ್, ಬದಲಾದ ಬೋಲ್ಟಿನೊಂದಿಗೆ. ಬೆಂಕಿಯೆಂದರೆ ಬೇರಿಂಗಿಗಿಂತ ಎಷ್ಟೋ ಭಯಂಕರ. ಆದರೂ ಆ ಮಾಲೀಕರು ಹೆಚ್ಚು ಬೇಗ ಸುಧಾರಿಸಿಕೊಂಡರು ಎಂದೇ ನಾನು ತಿಳಿದಿದ್ದೇನೆ. ಮುಂದೆ ಅದೇ ಎಂಜಿನ್ನಿನ ವಾಲ್ವ್ ಒತ್ತುವ ಫಿಂಗರ್ ಫಾಲೋವರ್‌ಗಳು ಸವೆಯುವ ಇನ್ನೊಂದು ತೊಂದರೆ ಬಂತು. 2017ರಲ್ಲಿ ಎಂಜಿನ್ನಿನ ವಾರಂಟಿಯನ್ನು 10 ವರ್ಷಕ್ಕೆ ವಿಸ್ತರಿಸಿದರು. 9000 ಸುತ್ತಿನ ಎಂಜಿನ್ನಿಗೆ 10 ವರ್ಷದ ಮಾತು ಕೊಡುವುದು ಸಣ್ಣ ವಿಷಯವಲ್ಲ.

ಬಿಎಂಡಬ್ಲ್ಯು ಎಂ3 ಕತೆ ನಮ್ಮ ಕೈಯಲ್ಲಿರುವ ಶೆಲ್ಲಿಗೆ ಇನ್ನೂ ಹತ್ತಿರ. 2001ರಿಂದ 2003ರವರೆಗಿನ ಆರು ಸಿಲಿಂಡರಿನ ಎಂ3ಯಲ್ಲಿ ಬಿಗ್ ಎಂಡ್ ಬೇರಿಂಗ್ ಹೋಗುತ್ತಿದ್ದವು. ಕಂಪನಿ ಕಾರುಗಳನ್ನು ಕರೆಸಿ ಬೇರಿಂಗ್ ಬದಲಿಸಿತು, ವಾರಂಟಿ ಹೆಚ್ಚಿಸಿತು. ಅಲ್ಲಿಗೆ ಮುಗಿಯಬೇಕಿತ್ತು. 2007ರಲ್ಲಿ ಬಂದ ಎಂಟು ಸಿಲಿಂಡರಿನ ಎಂ3, ಅದಕ್ಕಿಂತ ಮುಂಚಿನ ಹತ್ತು ಸಿಲಿಂಡರಿನ ಎಂ5, ಎರಡರಲ್ಲೂ ಮತ್ತೆ ಅದೇ ಬೇರಿಂಗಿನ ಮಾತು. ಎಂಟು ಸಿಲಿಂಡರಿನದ್ದು 8400 ಸುತ್ತು ಹೋಗುವ ಎಂಜಿನ್, ಹಾಕುವ ಆಯಿಲ್ 10ಡಬ್ಲ್ಯು-60, ಗಟ್ಟಿ ಆಯಿಲ್. ಬೇರಿಂಗ್ ಕೂರುವ ಕ್ರ್ಯಾಂಕ್ ಜರ್ನಲ್ಲಿನ ವ್ಯಾಸ ಒಂದಿಂಚಿದ್ದರೆ ಇಂಚಿನ ಸಾವಿರದಲ್ಲಿ ಒಂದು ಪಾಲು ಸಂದು ಬಿಡಬೇಕು ಎಂದು ನಮಗೆ ಅಪ್ಪ ಹೇಳಿಕೊಟ್ಟಿದ್ದರು, ಲೇತ್ ಅಂಗಡಿಗಳಲ್ಲೆಲ್ಲ ಇರುವ ಹಳೆಯ ಲೆಕ್ಕ. ಆ ಎಂಜಿನ್‌ಗಳನ್ನು ಬಿಚ್ಚಿ ಅಳೆದ ಹಲವರಿಗೆ ಸಿಕ್ಕ ಸಂದು ಅದಕ್ಕಿಂತ ಬಿಗಿ. ಬಿಗಿ ಸಂದಿಗೆ ಗಟ್ಟಿ ಆಯಿಲ್ ತಣ್ಣಗಿರುವಾಗ ಹೇಗೆ ನುಗ್ಗೀತು ಎಂಬುದೇ ಅವರ ಪ್ರಶ್ನೆ. ಮುಂದೆ ಶೆಲ್ಲಿನ ಲೋಹ ಬದಲಾಯಿತು, ಸೀಸ-ತಾಮ್ರದ ಬದಲು ತವರ-ಅಲ್ಯೂಮಿನಿಯಂ. ಇದರಿಂದ ಇನ್ನೊಂದು ತೊಡಕು ಹುಟ್ಟಿತು. ಮೊದಲು ಹಳೆಯ ಆಯಿಲ್ಲನ್ನು ಲ್ಯಾಬಿಗೆ ಕಳಿಸಿ ಸೀಸ ಎಷ್ಟಿದೆ ಎಂದು ನೋಡಿದರೆ ಬೇರಿಂಗ್ ಸವೆಯುತ್ತಿರುವುದು ತಿಳಿಯುತ್ತಿತ್ತು. ಸೀಸವೇ ಇಲ್ಲದ ಮೇಲೆ ಆ ಎಚ್ಚರಿಕೆಯೂ ಹೋಯಿತು. ಹಾಗಾಗಿ ಬಹಳ ಮಾಲೀಕರು ಟೈರ್ ಬದಲಿಸಿದಂತೆ ಇಂತಿಷ್ಟು ಕಿಲೋಮೀಟರಿಗೆ ಬೇರಿಂಗ್ ಬದಲಿಸಿಬಿಡುತ್ತಾರೆ. ಕೆಡುವ ಮುಂಚೆಯೇ ಬಿಚ್ಚುವುದು. ಖರ್ಚಿನ ದಾರಿ, ಆದರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ಅವರು ಒಪ್ಪಿಕೊಂಡು ಮಾಡುತ್ತಾರೆ. ನಾನು ಅದನ್ನು ತಪ್ಪೆನ್ನುವುದಿಲ್ಲ.

ಮಜ್ದಾ ಆರ್‌ಎಕ್ಸ್-8 ಬಗ್ಗೆ ಎರಡೇ ಮಾತು. ಪಿಸ್ಟನ್ನೇ ಇಲ್ಲದ ರೋಟರಿ ಎಂಜಿನ್. ರೋಟರಿನ ತುದಿಯ ಸೀಲ್ ಸವೆದರೆ ಕಂಪ್ರೆಶನ್ ಇಳಿಯುತ್ತದೆ, ಬಿಸಿ ಎಂಜಿನ್ ಸೆಲ್ಫ್ ಹೊಡೆದರೂ ಹತ್ತುವುದಿಲ್ಲ. ಅಮೆರಿಕದಲ್ಲಿ ಎಂಜಿನ್ನಿನ ವಾರಂಟಿಯನ್ನು ಕಂಪನಿ 8 ವರ್ಷ, 1 ಲಕ್ಷ ಮೈಲಿಗೆ ಏರಿಸಿತು. ಎಂಜಿನ್ ಬದಲಿಸಿಕೊಂಡವರು ಬಹಳ, ಆದರೂ ಆ ಕಾರನ್ನು ಪ್ರೀತಿಸುವವರು ಕಡಿಮೆಯಾಗಲಿಲ್ಲ. ಅದರ ದೌರ್ಬಲ್ಯವೇನು ಎಂದು ಕೊಂಡವನಿಗೂ ಗೊತ್ತಿತ್ತು, ಮಾರಿದವನೂ ಮುಚ್ಚಿಡಲಿಲ್ಲ.

ವಿದ್ಯಾರ್ಥಿಗಳು ಮರೆಯಬಾರದ ಒಂದು ಉದಾಹರಣೆ ಇದೆ. 2018ರ ಕೊನೆಗೆ ವಾಲ್ವ್ ಸ್ಪ್ರಿಂಗ್ ಬದಲಿಸಲೆಂದು ಸುಬಾರು ಬಿಆರ್‌ಝಡ್ ಮತ್ತು ಅದರ ಜೋಡಿ ಟೊಯೊಟಾ ಕಾರುಗಳನ್ನು ವಾಪಸ್ ಕರೆದರು. ಆ ಎಂಜಿನ್ನಿನಲ್ಲಿ ಸ್ಪ್ರಿಂಗ್ ಮುಟ್ಟಬೇಕಾದರೆ ಎಂಜಿನ್ನನ್ನೇ ಇಳಿಸಬೇಕು, ಮುಂದಿನ ಕವರ್ ಬಿಚ್ಚಿ ಮತ್ತೆ ಸೀಲಂಟ್ ಹಾಕಿ ಕೂರಿಸಬೇಕು. ಚೆನ್ನಾಗಿಯೇ ಓಡುತ್ತಿದ್ದ ಕೆಲವು ಕಾರುಗಳು ಈ ರಿಪೇರಿಯ ನಂತರ ಕೆಟ್ಟವು. ಹೆಚ್ಚಾದ ಸೀಲಂಟ್ ಒಳಗೆ ಉದುರಿ ಆಯಿಲ್ ದಾರಿ ಕಟ್ಟಿತು ಎಂಬ ದೂರು ಬಂತು. ನಮ್ಮ ಗ್ಯಾರೇಜುಗಳಲ್ಲಿ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಕೂರಿಸುವಾಗ ಹೊರಗೆ ಉಬ್ಬಿದ ಪೇಸ್ಟನ್ನು ಬೆರಳಿನಿಂದ ಒರೆಸಿ ನೀಟಾಗಿ ಕಂಡಿತು ಎಂದು ಬಿಡುತ್ತೇವಲ್ಲ, ಹೊರಗೆ ಎಷ್ಟು ಉಬ್ಬಿತೋ ಒಳಗೂ ಅಷ್ಟೇ ಉಬ್ಬಿರುತ್ತದೆ. ದಯವಿಟ್ಟು ನೆನಪಿಡಿ. ಪೇಸ್ಟ್ ತೆಳ್ಳನೆ ದಾರದಷ್ಟಿರಲಿ.

ಈಗ ಜೀನ್ಸ್ ಸಾವ್ಕಾರರ ಎಂಜಿನ್ನಿಗೆ ವಾಪಸ್ ಬರುತ್ತೇನೆ.

ಎಂಜಿನ್ ಇಳಿಸಿ ಬೆಂಚಿನ ಮೇಲಿಟ್ಟೆವು. ಬೇರಿಂಗ್ ಹೊಸದು, ಕ್ರ್ಯಾಂಕ್ ಹೊಸದು, ಆಯಿಲ್ ಪಂಪ್ ಹೊಸದು. ಬಿಲ್ಲಿನಲ್ಲಿ ಬರೆದದ್ದೆಲ್ಲ ನಿಜವಾಗಿಯೂ ಹಾಕಿದ್ದರು, ಅದರಲ್ಲಿ ಮೋಸವಿರಲಿಲ್ಲ. ಆದರೂ ಶೆಲ್ಲಿನ ಒಳಮೈ ನೀವು ನೋಡಿದಿರಲ್ಲ ಹಾಗಾಗಿತ್ತು. ಎರಡು ದಿನ ತಲೆ ಓಡಲಿಲ್ಲ. ಮೂರನೆಯ ದಿನ ನಮ್ಮ ಹುಡುಗ ಮುಂದಿನ ಬಂಪರ್ ಬಿಚ್ಚಿ ಆಯಿಲ್ ಕೂಲರ್ ಹೊರಗೆ ತೆಗೆದ. ಅದರ ಜಾಲರಿಯ ಸಂದಿಯಲ್ಲಿ ಕೆಮ್ಮಣ್ಣು ಇಟ್ಟಿಗೆಯ ಹಾಗೆ ಕೂತಿತ್ತು. ಸಂಡೂರಿನ ರಸ್ತೆಯ ಮಣ್ಣು, ನಮ್ಮೂರಿನಲ್ಲಿ ಬಟ್ಟೆ ಒಗೆಯುವವರಿಗೆಲ್ಲ ಗೊತ್ತಿರುವ ಅದಿರಿನ ಧೂಳು. ನಾಲ್ಕು ತಿಂಗಳು ಬೆಂಗಳೂರಿನಲ್ಲಿ ಇದ್ದು ಬಂದ ಎಂಜಿನ್, ಅದರ ಕೂಲರಿನ ಮೇಲೆ ವರ್ಷಗಟ್ಟಲೆಯ ಬಳ್ಳಾರಿ ಮಣ್ಣು. ಅಂದರೆ ಕೂಲರನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

ಅಪ್ಪನ ಕಾಲದ ಬಿಳಿ ಎನಾಮಲ್ ತಟ್ಟೆ ಒಂದಿದೆ ನಮ್ಮಲ್ಲಿ. ಕೂಲರನ್ನು ತಲೆಕೆಳಗು ಮಾಡಿ, ಆಯಿಲ್ ಹೊರಬರುವ ಕಡೆಯಿಂದ ಪೆಟ್ರೋಲ್ ಬಿಟ್ಟು, ಸಣ್ಣಗೆ ಗಾಳಿ ಕೊಟ್ಟು, ಬಂದದ್ದನ್ನು ಆ ತಟ್ಟೆಗೆ ಹಿಡಿದೆವು. ಮೊದಲು ಕಪ್ಪು ಆಯಿಲ್ ಬಂತು. ಆಮೇಲೆ ಮಿಣಮಿಣ. ತಟ್ಟೆ ಅಲುಗಾಡಿಸಿದರೆ ಜರಿ ಸೀರೆಯ ಅಂಚಿನಂತೆ ಹೊಳೆಯುವ ಚೂರುಗಳು ಅತ್ತಿಂದಿತ್ತ ಹರಿದಾಡಿದವು. ಮೊದಲ ಬೇರಿಂಗಿನ ಪುಡಿ ಅದು. ಹಳೆಯ ಎಂಜಿನ್ನಿನ ಚೂರನ್ನು ಹೊಸ ಎಂಜಿನ್ನಿಗೆ ಕುಡಿಸಿದ್ದರು.

ಮೊದಲ ಸಲ ಹೋದದ್ದು ಯಾಕೆ ಎಂಬುದೂ ಅಲ್ಲೇ ಸಿಕ್ಕಿತು. ಕೂಲರಿಗೆ ಮಣ್ಣು ಮೆತ್ತಿದ್ದರಿಂದ ಗಾಳಿ ಆಡುತ್ತಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಬಿಸಿಲು. ಆಯಿಲ್ ಕಾದು ತೆಳುವಾಗಿ ಪದರ ಹರಿದಿದೆ. ಸಾವ್ಕಾರರನ್ನು ಕರೆಸಿ ತಟ್ಟೆ ತೋರಿಸಿದೆವು. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಬೆರಳನ್ನು ಅದ್ದಿ ತೆಗೆದು ಬೆರಳ ತುದಿಯ ಹೊಳಪನ್ನೇ ನೋಡುತ್ತಾ ಕೇಳಿದರು: "ಹಂಗಾದ್ರೆ ನನ್ ತಪ್ಪಲ್ಲಣ್ಣಾ ಇದು?"

"ಅಲ್ಲ ಸಾವ್ಕಾರ್ರೆ" ಅಂದೆ. ಎರಡು ವರ್ಷ ಅವರು ಹೊತ್ತು ತಿರುಗಿದ್ದು ಆ ಅಪವಾದವನ್ನು. ಗಿರಾಕಿಗೆ ನಾವು ಮಾಡುವ ದೊಡ್ಡ ಅನ್ಯಾಯ ಇದೇ ಎಂದು ನನಗೆ ಅವತ್ತು ಅನ್ನಿಸಿತು. ಕಾರಣ ಹುಡುಕುವ ಕಷ್ಟ ಬೇಡವಾದಾಗ ತಪ್ಪನ್ನು ಓಡಿಸಿದವನ ತಲೆಗೆ ಕಟ್ಟುವುದು ಬಹಳ ಸುಲಭ. ಗಣಿ ಲಾರಿಗಳ ಕಾಲದಲ್ಲಿ ನಮ್ಮಲ್ಲಿಗೆ ಬರುತ್ತಿದ್ದ ಡ್ರೈವರುಗಳೂ ಇದೇ ಬೈಗುಳ ತಿನ್ನುತ್ತಿದ್ದರು. ಅಪ್ಪ ಮಾತ್ರ ಬಿಚ್ಚಿದ ಶೆಲ್ಲುಗಳನ್ನು ಸಿಲಿಂಡರ್ ನಂಬರ್ ಬರೆದು ತಂತಿಗೆ ಪೋಣಿಸಿ ಮೊಳೆಗೆ ನೇತು ಹಾಕುತ್ತಿದ್ದರು. ಮಾಲೀಕ ಬಂದು ಕಣ್ಣಾರೆ ನೋಡುವ ತನಕ ಅವನ್ನು ಗುಜರಿಗೆ ಹಾಕುತ್ತಿರಲಿಲ್ಲ. ಒಂದೇ ಸಿಲಿಂಡರಿನ ಶೆಲ್ ಹೋಗಿದ್ದರೆ ಒಂದು ಕಾರಣ, ಎಲ್ಲವೂ ಒಂದೇ ಸಮ ಸವೆದಿದ್ದರೆ ಇನ್ನೊಂದು ಕಾರಣ, ಓರೆಯಾಗಿ ಸವೆದಿದ್ದರೆ ರಾಡ್ ಬಾಗಿದೆ. ಶೆಲ್ ಎಸೆದರೆ ಸಾಕ್ಷಿ ಎಸೆದಂತೆ.

ಎಂಜಿನ್ ಕಟ್ಟಿದೆವು. ಹೊಸ ಕೂಲರ್, ಹೊಸ ಪೈಪು, ಒಂದು ಜರ್ನಲ್ ಉಳಿಯುವಂತಿರಲಿಲ್ಲವಾದ್ದರಿಂದ ಮತ್ತೊಂದು ಕ್ರ್ಯಾಂಕ್. ಗಾಡಿ ಸರಿಯಾಯಿತು. ಸಾವ್ಕಾರರು ಸರಿಯಾಗಲು ಇನ್ನೂ ಸಮಯ ಹಿಡಿಯಿತು. ಮೊದಲ ವಾರ ಕೋಟೆ ಸುತ್ತ ಒಂದು ಸುತ್ತು, ಅದೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿ, ಸದ್ದು ಕೇಳುತ್ತಾ. ಆಮೇಲೆ ಕುಡತಿನಿ ತನಕ. ಆಮೇಲೆ ಹೊಸಪೇಟೆ. ತೋರಣಗಲ್ಲು ದಾಟುವಾಗ ಫೋನ್ ಮಾಡುತ್ತಿದ್ದರು. ಒಂದು ದಿನ ಫೋನ್ ಬರಲಿಲ್ಲ. ಸಂಜೆ ನಾನೇ ಮಾಡಿದೆ. ಬೆಂಗಳೂರು ಮುಟ್ಟಿ ಊಟ ಮಾಡುತ್ತಿದ್ದರು.

ಇಲ್ಲಿ ಕಾರು ಇಟ್ಟಿರುವವರೂ ಕೆಲವರು ಬಂದಿದ್ದೀರಿ. ನಿಮಗೆ ಒಂದೆರಡು ಮಾತು. ಬಳ್ಳಾರಿ ಬಿಸಿಲೂರು, ಎಂಜಿನ್ ಹೇಗೂ ಬೆಚ್ಚಗಿರುತ್ತದೆ ಎಂದು ಚಾವಿ ತಿರುಗಿಸಿದ ಕೂಡಲೇ ಆಕ್ಸಿಲೇಟರ್ ಒತ್ತಬೇಡಿ. ನಮ್ಮ ಬಿಸಿಲು 42 ಡಿಗ್ರಿ, ಆಯಿಲ್ಲಿಗೆ ಬೇಕಾದದ್ದು 90ರ ಆಸುಪಾಸು. ನೀರಿನ ಮುಳ್ಳು ಮೇಲೆದ್ದ ಮೇಲೂ ಆಯಿಲ್ ಕಾಯಲು ಎಷ್ಟೋ ಹೊತ್ತು ಬೇಕು. ನಿಧಾನವಾಗಿ ಓಡಿಸುತ್ತಲೇ ಕಾಯಿಸಿ. ಏರ್ ಫಿಲ್ಟರನ್ನು ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯಬೇಡಿ, ಆ ಪುಸ್ತಕ ಬರೆದವರು ಸಂಡೂರಿನ ರಸ್ತೆ ನೋಡಿಲ್ಲ. ಕೂಲರಿನ ಜಾಲರಿಯನ್ನು ಬೇಸಿಗೆಗೆ ಮುಂಚೆ ಒಮ್ಮೆ ತೊಳೆಸಿ, ಜೋರು ಪ್ರೆಶರ್ ಬೇಡ, ಜಾಲರಿ ಮಡಚಿಕೊಳ್ಳುತ್ತದೆ.

ರಿಪೇರಿಗೆ ಕೊಟ್ಟಾಗ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಏನು ಕೆಟ್ಟಿತು ಎಂಬುದರ ಜತೆಗೆ ಯಾಕೆ ಕೆಟ್ಟಿತು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕಾನೂನೂ ನಿಮ್ಮ ಜತೆ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿನಿಂದಾದ ಹಾನಿಗೆ ತಯಾರಕರನ್ನೂ ಸರ್ವಿಸ್ ಮಾಡಿದವರನ್ನೂ ಹೊಣೆ ಮಾಡುವ ಅವಕಾಶ ಇದೆ. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗ, 2 ಕೋಟಿಯ ತನಕ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ದೆಹಲಿಯ ರಾಷ್ಟ್ರೀಯ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಯಾವ ಆಯೋಗಕ್ಕೆ ಹೋದರೂ ಕೈಯಲ್ಲಿ ಕಾಗದ ಇರಬೇಕು, ಆ ಹಳೆಯ ಶೆಲ್ ಇರಬೇಕು.

ಮೆಕ್ಯಾನಿಕ್ ಗೆಳೆಯರಿಗೆ ನನ್ನ ಕೋರಿಕೆ ಒಂದೇ. ಬೇರಿಂಗ್ ಹೋದ ಎಂಜಿನ್ ಬಂದರೆ ಆಯಿಲ್ ಓಡಾಡಿದ ದಾರಿಯನ್ನೆಲ್ಲ ಬೆರಳಿಟ್ಟು ಹಿಡಿದುಕೊಂಡು ಹೋಗಿ. ಪಂಪ್, ಗ್ಯಾಲರಿ (ಎಂಜಿನ್ ಬ್ಲಾಕಿನೊಳಗಿನ ಆಯಿಲ್ ಕೊಳವೆ), ಫಿಲ್ಟರ್ ಹೌಸಿಂಗ್, ಪೈಪು, ಕೂಲರ್, ಟರ್ಬೊ ಇದ್ದರೆ ಅದು. ಕೂಲರನ್ನು ತೊಳೆದರೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದರ ಒಳಗಿನ ಸಂದುಗಳಲ್ಲಿ ಕೂತ ಚೂರು ಎಂದಾದರೊಂದು ದಿನ ಬಿಸಿಗೆ ಬಿಟ್ಟುಕೊಂಡು ಬರುತ್ತದೆ. ಬದಲಿಸಿ. ದುಬಾರಿ ಎಂದು ಗಿರಾಕಿ ಅಂದರೆ ಬಿಳಿ ತಟ್ಟೆ ತೋರಿಸಿ.

ಇನ್ನು ಈ ಮೇಜಿನ ಮೇಲೆ ಇರುವುದು ಆಯಿಲ್ ಫಿಲ್ಟರ್. ಪಕ್ಕದಲ್ಲಿ ಬ್ಲೇಡು, ಅಯಸ್ಕಾಂತ, ಅದೇ ಎನಾಮಲ್ ತಟ್ಟೆ. ಫಿಲ್ಟರಿನ ಕಾಗದವನ್ನು ಕತ್ತರಿಸಿ, ಮಡಿಕೆ ಬಿಡಿಸಿ, ಹಿಂಡಿ, ತಟ್ಟೆಯ ಮೇಲೆ ಹರಡಬೇಕು. ಹೊಳೆಯುವ ಚೂರು ಅಯಸ್ಕಾಂತಕ್ಕೆ ಹತ್ತಿದರೆ ಕಬ್ಬಿಣದ್ದು, ಚೈನು, ಕ್ಯಾಮ್, ರಿಂಗ್ ಕಡೆ ನೋಡಿ. ಹತ್ತದೆ ಹೊಳೆದರೆ ಬೇರಿಂಗನ್ನು ಮೊದಲು ಅನುಮಾನಿಸಿ. ಪ್ರತಿ 5000 ಕಿಲೋಮೀಟರಿಗೆ ನಾವು ಸಾವ್ಕಾರರ ಮುಂದೆಯೇ ಹೀಗೆ ಮಾಡುತ್ತೇವೆ. ಈ ಫಿಲ್ಟರ್ ಅವರ ಕಾರಿನದ್ದೇ, ನಿನ್ನೆ ಸಂಜೆ ಬಿಚ್ಚಿದ್ದು, ಇನ್ನೂ ಕತ್ತರಿಸಿಲ್ಲ. ಒಳಗೆ ಏನಿದೆಯೋ ನನಗೂ ಗೊತ್ತಿಲ್ಲ. ಸಭೆಯಲ್ಲಿ ತೋರಿಸಲಾ ಎಂದು ಕೇಳಿದ್ದಕ್ಕೆ ಅವರು ಹೇಳಿದರು: "ಎಲ್ರ ಮುಂದೇನೆ ಕೊಯ್ಯಣ್ಣಾ. ನಾ ಊರಿಗೆ ಹೊಂಟೀನಿ, ಗಾಡ್ಯಾಗೇ."

ಡಿಪ್ಲೊಮಾ ಮಕ್ಕಳು ಮುಂದೆ ಬನ್ನಿ. ಒಬ್ಬರು ಬ್ಲೇಡ್ ಹಿಡಿಯಿರಿ, ಒಬ್ಬರು ತಟ್ಟೆ.